ಗೋಪುರ ಕೇಳಿಸದ ಹಟ್ಟಿ

ಒಂದು ರಾಜ್ಯದಲ್ಲಿ ಊರಿಗೊಂದು ಸಾರುಗೋಪುರವಿತ್ತು. ಸಂಜೆಯಾದರೆ ಗೋಪುರದ ಮೇಲೆ ನಗಾರಿ ಬಡಿದು, ಆ ಊರಿನ ಸುದ್ದಿಯನ್ನೂ ಹಾಡನ್ನೂ ಅಪ್ಪಣೆಗಳನ್ನೂ ಎತ್ತರದ ದನಿಯಲ್ಲಿ ಸಾರುತ್ತಿದ್ದರು. ಒಂದೂರಿನ ದನಿ ಇನ್ನೊಂದೂರಿಗೆ ಕೇಳುತ್ತಿರಲಿಲ್ಲ. ಕೇಳಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ, ಆ ಹಕ್ಕಿ ಬರುವ ತನಕ.

ಹಕ್ಕಿ ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ. ಮೋಡಗಳಿಗೂ ಮೇಲೆ, ರೆಕ್ಕೆ ಹರಡಿಕೊಂಡು, ಹಗಲೂ ಇರುಳೂ ಅದು ಒಂದೇ ಕಡೆ ನಿಂತಿತ್ತು. ಅಷ್ಟು ಎತ್ತರದಲ್ಲಿ ಅದಕ್ಕೆ ಎಲ್ಲ ಗೋಪುರಗಳ ದನಿಯೂ ಕೇಳುತ್ತಿತ್ತು. ಮನೆಯ ಮೇಲೆ ಒಂದು ಕಂಚಿನ ಹರಿವಾಣವನ್ನು ಅದರತ್ತ ವಾಲಿಸಿಟ್ಟರೆ ಸಾಕು, ದೂರದ ಊರಿನ ದನಿ ಅದರೊಳಗೆ ಬಂದು ಬೀಳುತ್ತಿತ್ತು. ಮೊದಲ ಸಲ ಕೇಳಿದವರು ಹರಿವಾಣವನ್ನು ಎತ್ತಿ, ಹಿಂದೆ ಯಾರಾದರೂ ಅಡಗಿದ್ದಾರೆಯೇ ಎಂದು ನೋಡಿದರು. ಆಮೇಲೆ ಆಕಾಶಕ್ಕೆ ಕೈಮುಗಿದರು.

ರಾಜರು ಇದಕ್ಕೊಂದು ಕಟ್ಟಳೆ ಮಾಡಿದರು. ತಮ್ಮ ಊರಿನ ಗೋಪುರ ಕೇಳಿಸದವರಿಗೆ ಮಾತ್ರ ಹಕ್ಕಿ ಪರವೂರಿನ ದನಿ ತರಬಹುದು. ಉಳಿದವರು ತಮ್ಮ ಗೋಪುರವನ್ನೇ ಕೇಳತಕ್ಕದ್ದು.

ತಗ್ಗಿನಹಟ್ಟಿ ಅಂಥ ಗೋಪುರ ಕೇಳಿಸದ ಜಾಗ. ಅದರ ಪಾಲಿನ ಗೋಪುರವಿದ್ದ ರಾಜಧಾನಿಗೂ ಅದಕ್ಕೂ ನಡುವೆ ಒಂದು ದೊಡ್ಡ ಗುಡ್ಡ ಅಡ್ಡ ಮಲಗಿತ್ತು. ಹಟ್ಟಿಯವರು ಕುರಿ ಮೇಯಿಸುತ್ತ, ಕಂಬಳಿ ನೇಯುತ್ತ ಬದುಕುತ್ತಿದ್ದರು. ಅವರಲ್ಲಿ ಈರಕ್ಕ ಎಂಬುವಳು ತನ್ನ ಹರಿವಾಣವನ್ನು ರೇವುಪಟ್ಟಣದ ದನಿಗೆ ವಾಲಿಸಿಟ್ಟಿದ್ದಳು. ಕಡಲನ್ನು ಅವಳು ಕಂಡವಳಲ್ಲ. ಹಟ್ಟಿಯಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಸಂಜೆಯಾದರೆ ಎಲ್ಲರೂ ಅವಳ ಅಂಗಳಕ್ಕೆ ಬಂದು ಕೂರುತ್ತಿದ್ದರು. ಗಾಳಿ ಯಾವ ಕಡೆಯದು, ಅಲೆ ಎಷ್ಟೆತ್ತರ, ಯಾವ ಯಾವ ದೋಣಿ ದಡ ಸೇರಿತು ಎಂದು ರೇವಿನ ಗೋಪುರ ಒಂದೊಂದಾಗಿ ಹೇಳುತ್ತಿತ್ತು.

“ನೀರು ಆಳೆತ್ತರ ಎದ್ದು ನಿಲ್ಲೋದು ಅಂದರೆ ಹೆಂಗಿರ್ತದೆ?” ಎಂದು ಈರಕ್ಕ ಒಮ್ಮೆ ಗಂಡನನ್ನು ಕೇಳಿದಳು.

ಚಿಕ್ಕಣ್ಣ ಎದುರಿನ ಗುಡ್ಡದತ್ತ ನೋಡಿದ. “ಗುಡ್ಡ ಎದ್ದು ನಡಕೊಂಡು ಬಂದಂಗೆ ಇರಬೇಕು,” ಎಂದ. ಆ ದಿನ ಕೂತಿದ್ದವರ ಮೈಯೆಲ್ಲ ಜುಮ್ಮೆಂದಿತು.

ಒಂದು ಸಂಜೆ ರೇವಿನ ಗೋಪುರ ಬಿರುಗಾಳಿಯ ಸುದ್ದಿ ಹೇಳಿತು. ಎಲ್ಲ ದೋಣಿಗಳೂ ಮರಳಿದ್ದವು, ಹೊನ್ನಗಿಣಿ ಎಂಬುದೊಂದನ್ನು ಬಿಟ್ಟು. ಮರುದಿನ ಹಟ್ಟಿಯವರು ಹೊತ್ತು ಇಳಿಯುವ ಮೊದಲೇ ಬಂದು ಕೂತರು. ಹರಿವಾಣದಿಂದ ಸದ್ದೇ ಬರಲಿಲ್ಲ. ತಲೆಯೆತ್ತಿ ನೋಡಿದರೆ ಹಕ್ಕಿ ಇದ್ದಲ್ಲೇ ಇತ್ತು. ಅದರ ಕೊಕ್ಕು ಮುಚ್ಚಿತ್ತು.

ನಡೆದದ್ದಿಷ್ಟು. ಹಕ್ಕಿ ಕಟ್ಟಳೆಯನ್ನು ಮೀರಿ, ಗೋಪುರದ ಬುಡದಲ್ಲೇ ಇದ್ದ ಮನೆಗಳಿಗೂ ಪರವೂರಿನ ದನಿ ಹಂಚಿತ್ತು. ಗೋಪುರಗಳ ಒಡೆಯರು ದೂರು ಕೊಟ್ಟರು. ನ್ಯಾಯಾಧೀಶರು ಎರಡೂ ಕಡೆಯ ಮಾತು ಕೇಳಿ ತೀರ್ಪು ಕೊಟ್ಟರು: “ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ನೋಡದ ಹಕ್ಕಿ ಇನ್ನು ಯಾರಿಗೂ ಕೊಡುವುದು ಬೇಡ.” ರಾಜಧಾನಿಯವರು ಸ್ವಲ್ಪ ಗೊಣಗಿದರು, ಆಮೇಲೆ ಕಿಟಕಿ ತೆರೆದರು. ಗೋಪುರ ಎದುರಿಗೇ ಇತ್ತು.

ಈರಕ್ಕ ಗುಡ್ಡ ಹತ್ತಿ ಇಳಿದು ನ್ಯಾಯಸ್ಥಾನಕ್ಕೆ ಹೋದಳು. ಅಂಥ ಕಂಬಗಳನ್ನೂ ಅಂಥ ಮೌನವನ್ನೂ ಅವಳು ಕಂಡಿರಲಿಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿದಳು.

“ನಮ್ಮ ಹಟ್ಟಿಗೆ ನಿಮ್ಮ ಗೋಪುರ ಕೇಳಿಸಲ್ಲ ಬುದ್ಧಿ. ನಮಗಿದ್ದದ್ದು ಆ ಹಕ್ಕಿ ಒಂದೇ. ಹೊನ್ನಗಿಣಿ ದಡಕ್ಕೆ ಬಂತೋ ಇಲ್ಲವೋ, ಅಷ್ಟಾದರೂ ಗೊತ್ತಾಗಬೇಕು.”

“ದೋಣಿಯಲ್ಲಿ ನಿನ್ನವರು ಯಾರಾದರೂ ಇದ್ದಾರೇನಮ್ಮ?”

“ಇಲ್ಲ ಬುದ್ಧಿ. ಅವರು ಯಾರೋ, ನಾವು ಯಾರೋ. ಆದರೆ ಅವರು ದಡ ಸೇರಿದ ಮೇಲೇ ನಾವು ಉಣ್ಣೋದು.”

ನ್ಯಾಯಾಧೀಶರು ಒಳ್ಳೆಯವರು. ಅವರೂ ಕಡಲನ್ನು ಕಂಡಿರಲಿಲ್ಲ. “ಕಟ್ಟಳೆ ಇರುವುದೇ ನಿಮ್ಮಂಥವರಿಗಾಗಿ,” ಎಂದರು. “ವಿಚಾರ ಮಾಡಿ ಆಜ್ಞೆ ಹೊರಡಿಸುತ್ತೇನೆ. ನೆಮ್ಮದಿಯಾಗಿ ಮನೆಗೆ ಹೋಗು.”

ಆಜ್ಞೆ ಹೊರಟಿತು. ಗೋಪುರದ ದನಿ ಕೇಳಿಸದವರು ಹುಣ್ಣಿಮೆಯೊಳಗೆ ನ್ಯಾಯಸ್ಥಾನಕ್ಕೆ ಬಂದು ಹೇಳಿಕೊಂಡರೆ, ಅವರ ಪಾಲಿಗೆ ಹಕ್ಕಿ ಮತ್ತೆ ಮಾತಾಡಬಹುದು. ರಾಜ್ಯದ ಎಲ್ಲ ಆಜ್ಞೆಗಳಂತೆ ಇದನ್ನೂ ಗೋಪುರದಿಂದ ಸಾರಲಾಯಿತು. ಭೈರೋಜಿ ಎಂಬ ಹೆಸರಾಂತ ಸಾರುವವನು ಕೊರಳ ನರ ಉಬ್ಬಿಸಿ ಸಾರಿದ. ರಾಜಧಾನಿಯ ಮನೆಮನೆಯ ಕಿಟಕಿಗಳು ಅದುರಿದವು.

ಗುಡ್ಡಗಳ ಮರೆಯಲ್ಲಿ ತಗ್ಗಿನಹಟ್ಟಿಯಂಥವು ಎಷ್ಟೋ ಇದ್ದವು. ಅಲ್ಲಿಂದ ಯಾರೂ ಬರಲಿಲ್ಲ. ಹುಣ್ಣಿಮೆಯ ದಿನ ಈರಕ್ಕ ಒಬ್ಬಳೇ ಏದುಸಿರು ಬಿಡುತ್ತ ಬಂದಳು. ಹಟ್ಟಿಗೆ ಉಪ್ಪು ಮಾರಲು ಬಂದವನೊಬ್ಬ ಅವಳಿಗೆ ವಿಷಯ ತಿಳಿಸಿದ್ದ.

ಗೋಪುರದ ಒಡೆಯರ ವಕೀಲ ಎದ್ದು ವಿನಯದಿಂದ ಕೇಳಿದ: “ಸಾರಿದ್ದು ಏನೆಂದು ಹೇಳಬಲ್ಲೆಯಾ ತಾಯಿ?”

ಅವಳು ಒಂದು ಮಾತೂ ಬಿಡದಂತೆ ಹೇಳಿದಳು. ಸಭೆಯಲ್ಲಿ ಗುಜುಗುಜು ಎದ್ದಿತು.

“ಉಪ್ಪಿನವನು ಹೇಳಿದ್ದು ಬುದ್ಧಿ,” ಎಂದು ಅವಳು ಅವಸರದಿಂದ ಸೇರಿಸಿದಳು.

“ಉಪ್ಪಿನವನಿಗೆ ಯಾರು ಹೇಳಿದರು?”

“ಗೋಪುರ.”

ವಕೀಲ ಕೂತುಕೊಂಡ. “ಗುಡ್ಡ ಹತ್ತಿ, ಕಣಿವೆ ಇಳಿದು, ಅಷ್ಟು ದೂರದ ಹಟ್ಟಿಗೆ!” ಎಂದು ಅಂದಾಗ ನ್ಯಾಯಾಧೀಶರ ಕಣ್ಣು ತುಂಬಿತ್ತು. “ನಮ್ಮ ಗೋಪುರದ ಮಹಿಮೆ ನಮಗೇ ತಿಳಿದಿರಲಿಲ್ಲ.” ಇಡೀ ಸಭೆ ಎದ್ದು ನಿಂತಿತು. ಭೈರೋಜಿಗೆ ಶಾಲು ಹೊದಿಸಿದರು. ಬೇರೆ ಯಾರೂ ಬಾರದ ಕಾರಣ, ಈ ರಾಜ್ಯದಲ್ಲಿ ಗೋಪುರ ಕೇಳಿಸದವರು ಯಾರೂ ಇಲ್ಲವೆಂದು ತೀರ್ಪಾಯಿತು. ಸಾಕ್ಷಿ ಹೇಳಿದ್ದಕ್ಕಾಗಿ ಈರಕ್ಕನ ಮಡಿಲು ತುಂಬ ಹಣ್ಣು ಕೊಟ್ಟರು.

“ದೋಣಿ, ಬುದ್ಧಿ...”

“ಇನ್ನು ನಿಮ್ಮ ಗೋಪುರವೇ ನಿಮಗೆ ಎಲ್ಲವನ್ನೂ ಹೇಳುತ್ತದೆ ತಾಯಿ,” ಎಂದು ನ್ಯಾಯಾಧೀಶರು ಕೈಮುಗಿದರು.

ಅವಳು ಹಿಂತಿರುಗಿದಾಗ ಹೊತ್ತು ಇಳಿಯುತ್ತಿತ್ತು. ಹಟ್ಟಿಯವರೆಲ್ಲ ಅಂಗಳದಲ್ಲಿ ಕಾದಿದ್ದರು.

“ಏನಂದರು?” ಎಂದ ಚಿಕ್ಕಣ್ಣ.

“ನಮಗೆ ಗೋಪುರ ಕೇಳಿಸ್ತದಂತೆ.”

“ಯಾರಂದರು?”

“ನ್ಯಾಯಾಧೀಶರೇ ಅಂದರು. ಕಣ್ಣಲ್ಲಿ ನೀರು ತಂದುಕೊಂಡು ಅಂದರು. ಸುಳ್ಳು ಹೇಳೋ ಮುಖ ಅಲ್ಲ ಅದು.”

ಅಷ್ಟು ದೊಡ್ಡವರು ಹೇಳಿದ ಮೇಲೆ ತಾವೇ ಇಷ್ಟು ದಿನ ಸರಿಯಾಗಿ ಕಿವಿಗೊಟ್ಟಿರಲಿಲ್ಲವೇನೋ ಎಂದು ಹಟ್ಟಿಯವರಿಗೆ ಅನಿಸಿತು. ಮಗ್ಗ ನಿಲ್ಲಿಸಿದರು. ಕುರಿಗಳ ಕೊರಳ ಗಂಟೆಗೆ ಬಟ್ಟೆ ಸುತ್ತಿದರು. ಅಳುತ್ತಿದ್ದ ಕೂಸನ್ನು ಎದೆಗೆ ಹಾಕಿಕೊಂಡು ಸುಮ್ಮನಾಗಿಸಿದರು. ಆಮೇಲೆ ಗುಡ್ಡದ ಕಡೆ ಮುಖ ಮಾಡಿ, ಉಸಿರನ್ನೂ ಬಿಗಿಹಿಡಿದು, ಹಟ್ಟಿಗೆ ಹಟ್ಟಿಯೇ ಕೇಳುತ್ತ ಕೂತಿತು.