ಟಗರಿನ ಎಡಗಿವಿ

ಮಕ್ತಲ್‌ನಲ್ಲಿ ಹೊಸ ಬಸ್‌ ನಿಲ್ದಾಣ ಕಟ್ಟಿ ಮುಗಿದ ಮೇಲೆ ಅದರ ಹಿಂದೆ ಉಳಿದ ಸಾಮಾನು ರಾಶಿ ಬಿದ್ದಿತ್ತು. ತುಂಡು ಸರಳು, ಬೈಂಡಿಂಗ್ ತಂತಿ, ಸೊಟ್ಟಗಾದ ತಗಡು. ಅದರಲ್ಲೇ ಒಂದು ದೊಡ್ಡ ಟಗರು ಮಾಡಿಕೊಡು, ಚೌರಸ್ತಾದಲ್ಲಿ ನಿಲ್ಲಿಸೋಣ ಎಂದು ಪುರಸಭೆಯ ಇಂಜಿನಿಯರ್ ಅಂಜನಕುಮಾರ್ ನನ್ನ ತಮ್ಮ ಆಶಪ್ಪನಿಗೆ ಹೇಳಿದರು. ಅವನದು ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿಗೆ ಕೈ ಪಳಗಿದೆ, ಟಗರಿನ ಮುಖ ಮಾತ್ರ ಮರೆತಿದ್ದಾನೆ. ಮೊದಲು ಮಾಡಿದ ತಲೆ ನೋಡಿ ಊರವರು ಕತ್ತೆ ಎಂದರಂತೆ. ಈ ಕಡೆಯದೇ ಮದ್ದೂರಿನ ನನ್ನ ಗಂಡನ ಮನೆಗೆ ಫೋನ್ ಬಂತು.

“ಅಕ್ಕಾ, ಒಂದ್ ವಾರ ಬಂದು ಹೋಗು. ಮಾನ ಹೋಗಾಕತ್ತೈತಿ.”

ಬಂದೆ. ಮದುವೆಯಾಗುವವರೆಗೆ ಅಪ್ಪ ಬಾಲಯ್ಯನ ಹಿಂಡು ಕಾಯ್ದವಳು ನಾನು. ಈ ತಮ್ಮ ಮಹಾಶಯ ಆಗ ಎಲ್ಲಿ ನೆರಳು ಸಿಕ್ಕರೆ ಅಲ್ಲಿ ಮಲಗುತ್ತಿದ್ದ. ಸರಳು ಎಲ್ಲಿ ಬಾಗಬೇಕು, ಕೊಂಬು ಎಷ್ಟು ಸುತ್ತಬೇಕು ಎಂದು ನಾನು ಹೇಳಿದೆ, ಅವನು ಬೆಸೆದ. ಬೈಂಡಿಂಗ್ ತಂತಿಯನ್ನು ಸುರುಳಿ ಸುತ್ತಿ ಉಣ್ಣೆ ಮಾಡಿದೆವು. ಐದನೇ ದಿನ ಟಗರು ಎದ್ದು ನಿಂತಿತು. ಎಡಗಿವಿಯ ತಗಡನ್ನು ನಾನೇ ಕತ್ತರಿಸಿದೆ. ತುದಿ ನೇರಕ್ಕೆ ಕತ್ತರಿಸಿ, ಕೆಳಗಿನ ಅಂಚಿಗೆ ಒಂದು ಸೀಳು.

ಕುರಿ ಸಾಕುವವರಲ್ಲಿ ಮನೆಗೊಂದು ಕಿವಿ ಗುರುತು ಇರುತ್ತದೆ, ಮರಿಯಿದ್ದಾಗಲೇ ಕೊಯ್ದು ಹಾಕುವುದು; ನಮ್ಮ ಮನೆಯದು ಇದು. ಹಿಂಡು ಬೆರೆತಾಗ, ತಪ್ಪಿದ ಕುರಿ ಸಿಕ್ಕಾಗ, ಕಿವಿ ನೋಡಿಯೇ ಯಾರ ಮನೆಯದೆಂದು ಹೇಳುತ್ತಾರೆ. ಅಪ್ಪ ಹಿಂಡು ಮಾರಿ ಹನ್ನೆರಡು ವರ್ಷವಾಗಿತ್ತು. ಇನ್ನು ಚೌರಸ್ತಾದಲ್ಲಿ ಹೋಗಿಬರುವವರೆಲ್ಲ ಈ ಕಿವಿ ನೋಡಿ ಬಾಲಯ್ಯನ ಮನೆಯ ಟಗರು ಎನ್ನಬೇಕು. ನನಗೆ ಬೇಕಾದದ್ದು ಅಷ್ಟೇ. ಕೂತಲ್ಲಿ ಕೂರಲಾಗದೆ ದಿನಕ್ಕೆ ಹತ್ತು ಸಲ ಎದ್ದು ಹೋಗಿ ಆ ಕಿವಿ ಮುಟ್ಟಿ ಬರುತ್ತಿದ್ದೆ.

ಟಗರಿನ ಉದ್ಘಾಟನೆಗೆ ಎರಡು ದಿನ ಇರುವಾಗ ಮಾಗನೂರಿನ ಮೊಗುಲಪ್ಪ ಅಂಗಡಿಗೆ ಬಂದ. ಅಪ್ಪನ ಹಿಂಡು ಕೊಂಡವನು ಅವನೇ. ಕೊಂಬು ನೋಡಲಿಲ್ಲ, ಮೈ ನೋಡಲಿಲ್ಲ, ನೇರ ಎಡಗಿವಿಗೆ ಕೈ ಹಾಕಿದ. ಮುಖ ಅರಳಿತು. ಅಲ್ಲಿಂದಲೇ ಮಗನಿಗೆ ಫೋನ್ ಮಾಡಿ ಕೂಗಿದ.

“ಲೇ ಭೀಮಶಂಕರ, ಚೌರಸ್ತಾದಾಗ ನಮ್ಮ ಗುರುತಿನ ಟಗರು ನಿಂದ್ರಸಾಕತ್ತಾರ! ಎಲ್ಲಾರ್ನೂ ಕರ್ಕೊಂಡು ಬಾ!”

“ಯಾರ ಗುರುತ್ರಿ ಕಾಕಾ?” ಎಂದೆ. ನನ್ನ ದನಿ ಆಗಲೇ ಏರಿತ್ತು.

“ನಮ್ದೇ ಅಲ್ಲೇನವ್ವಾ. ಒಂದೋ ಎರಡೋ ಕೊಂಡ್ರ ಹಳೇ ಗುರುತಿನ ಜೊತಿಗೆ ನಮ್ದೊಂದು ಸೀಳು ಹಾಕ್ಕೊಂತೀವಿ. ಇಡೀ ಹಿಂಡಿಗೆ ಮತ್ತ ಕಿವಿ ಕೊಯ್ಯಾಕ ಆಗ್ತೈತೇನು? ಗುರುತು ಹಿಂಡಿನ ಹಿಂದ ಬರ್ತೈತಿ. ನಿಮ್ಮಪ್ಪನೇ ಕೊಟ್ಟಾನ. ಹೋಗಿ ಕೇಳು.”

ಚಪ್ಪಲಿ ಸಹ ಹಾಕಿಕೊಳ್ಳದೆ ಮನೆಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ.

“ಹೂಂ, ಕೊಟ್ಟೀನಿ,” ಎಂದ, ಹಳೇ ಹಗ್ಗ ಕೊಟ್ಟವನ ಹಾಗೆ.

“ನನಗೊಂದ್ ಮಾತು ಹೇಳಬಾರದಿತ್ತೇನಪ್ಪಾ?”

“ನಿನಗ್ಯಾಕ? ಕೊಟ್ಟ ಹೆಣ್ಣಿಗೆ ಅದರ ಗೊಡವಿ ಏನೈತಿ? ಹೆಣ್ಮಕ್ಕಳಿಗೆ ಎಲ್ಲ್ಯಾರ ಗುರುತು ಇರ್ತೈತೇನು?”

ಕಂಬಳಿ ಹೊದ್ದು ಮಳೆಯಲ್ಲಿ ಹಿಂಡಿನ ಹಿಂದೆ ತಿರುಗಿದ್ದು ನಾನು. ಮರಿಗಳ ಕಿವಿ ಕೊಯ್ದಾಗ ಒದ್ದಾಡುವ ಕಾಲು ಹಿಡಿದು, ರಕ್ತಕ್ಕೆ ಅರಿಸಿನ ಒತ್ತಿದ್ದು ನನ್ನ ಬೆರಳು. ಗುರುತು ಮನೆಯದು, ಆ ಮನೆಯಲ್ಲಿ ನಾನೂ ಇದ್ದೇನೆ ಎಂದು ಇಷ್ಟು ವರ್ಷ ನಂಬಿದ್ದೆನಲ್ಲ, ನನ್ನ ಬುದ್ಧಿಗಿಷ್ಟು!

ಅಂಗಡಿಗೆ ಬಂದವಳೇ ಆಶಪ್ಪನಿಗೆ ಹೇಳಿದೆ. “ಆ ಕಿವಿ ಕತ್ತರಿಸಿ ಒಗಿ.”

ಅವನು ಗಾಬರಿಯಾದ. “ಇಂಜಿನಿಯರ್ ಸಾರ್ ಫೋಟೊ ತಗೊಂಡು ಮ್ಯಾಲಿನವ್ರಿಗೆ ಕಳಿಸ್ಯಾರ ಅಕ್ಕಾ. ಒಂದು ಕಿವಿ ಇಲ್ಲದ ಟಗರು ನಿಂದ್ರಸಿದ್ರ ಜನ ನಗ್ತಾರ. ಕಬ್ಬಿಣದ್ದು, ಯಾರ್ದಾದ್ರೇನು?”

“ನಿನಗೇನಪ್ಪಾ, ಕತ್ತೆ ಮಾಡಿದಾಂವ.”

ಚಹಾ ತರುತ್ತೇನೆಂದು ಅವನು ಜಾಗ ಖಾಲಿ ಮಾಡಿದ. ನಾನು ತಗಡಿನ ಕತ್ತರಿ ಎತ್ತಿಕೊಂಡು ಕಿವಿಯ ಬುಡಕ್ಕೆ ಇಟ್ಟೆ. ಕೈ ಒತ್ತಲಿಲ್ಲ. ತೆಗೆದೆ. ಬಾಗಿಲವರೆಗೆ ಹೋಗಿ ಬಂದೆ. ಮತ್ತೆ ಇಟ್ಟೆ, ಮತ್ತೆ ತೆಗೆದೆ. ದಿನಗಟ್ಟಲೆ ಕೈ ಸುಟ್ಟುಕೊಂಡು ಮಾಡಿದ ಪ್ರಾಣಿ, ಅದರ ಕಿವಿ ಕೀಳಲು ನನಗೆ ಮನಸ್ಸು ಬರಲಿಲ್ಲ. ಅದನ್ನು ಮೊಗುಲಪ್ಪನಿಗೆ ಬಿಟ್ಟುಕೊಡಲೂ ಬರಲಿಲ್ಲ. ಕೊನೆಗೆ, ಬೇರೆಯವರ ಕುರಿ ಕೊಂಡು ತಮ್ಮದು ಮಾಡಿಕೊಳ್ಳುವವರು ಹಾಕುವ ಹಾಗೆ, ಕಿವಿಯ ಮೇಲಿನ ಅಂಚಿಗೆ ಇನ್ನೊಂದು ಸೀಳು ಹಾಕಿದೆ.

ಉದ್ಘಾಟನೆಯ ಬೆಳಿಗ್ಗೆ ಮೊಗುಲಪ್ಪ ಮನೆಮಂದಿಯನ್ನೆಲ್ಲ ಟೆಂಪೊದಲ್ಲಿ ತುಂಬಿಕೊಂಡು ಬಂದ. ಆಶಪ್ಪ ಅಪ್ಪನನ್ನೂ ಬೈಕಿನ ಮೇಲೆ ಕರೆತಂದಿದ್ದ. ಅಂಜನಕುಮಾರ್ ರಿಬ್ಬನ್ ಕತ್ತರಿಸಿ, ಚಪ್ಪಾಳೆ ಮುಗಿದ ಮೇಲೆ ಮೊಗುಲಪ್ಪ ಫೋಟೊಗೆಂದು ಟಗರಿನ ಪಕ್ಕ ನಿಂತು ಕಿವಿ ಹಿಡಿದ. ಹಿಡಿದವನು ತಿರುಗಿ ನೋಡಿದ.

“ಮ್ಯಾಲಿನ ಸೀಳು ಯಾರ್ದು? ಈ ಕಡಿ ಯಾರ ಮನ್ಯಾಗೂ ಇಂಥಾ ಗುರುತು ನಾ ನೋಡಿಲ್ಲ.”

“ನಂದ್ರಿ ಕಾಕಾ.”

ಬೈಗುಳಕ್ಕೆ ನಾನು ಸಿದ್ಧಳಾಗಿಯೇ ಇದ್ದೆ. ಆದರೆ ಮೊಗುಲಪ್ಪ ಬೈಯಲಿಲ್ಲ, ನಗಲೂ ಇಲ್ಲ. ಕುರಿಸಂತೆಯಲ್ಲಿ ಹೊಸ ಗುರುತು ಕಂಡಾಗ ಮಾಡುವಂತೆ ಹೆಬ್ಬೆರಳಿನಿಂದ ಆ ಸೀಳನ್ನು ಮೆಲ್ಲಗೆ ತಡವಿ ನೋಡಿಕೊಂಡ.

“ಆತು, ನೆನಪಿಟ್ಕೊಂತೀನಿ. ಈ ಗುರುತಿನ ಕುರಿ ತಪ್ಪಿಸ್ಕೊಂಡು ನನ್ನ ಹಿಂಡಿನಾಗ ಬಂದ್ರ ಯಾವ ಮನಿಗೆ ಹೊಡ್ಕೊಂಡು ಬರ್ಲಿ? ನಿಮ್ಮಪ್ಪನ ಮನಿಗೋ, ಮದ್ದೂರಿಗೋ?”

ಅವನದು ಕುಚೋದ್ಯವಲ್ಲ, ಕುರಿಯವರು ಕೇಳಲೇಬೇಕಾದ ಪ್ರಶ್ನೆ. ನಾನು ಅಪ್ಪನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಮದ್ದೂರಿನ ಮನೆಯಲ್ಲಿ ನನ್ನದೆಂದು ಹೇಳಿಕೊಳ್ಳಲು ಒಂದು ಕೋಳಿಯೂ ಇಲ್ಲ. ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು.

“ಯಾರ ಮನಿಗೂ ಬ್ಯಾಡ್ರಿ ಕಾಕಾ,” ಎಂದೆ. “ಇಲ್ಲೇ ಚೌರಸ್ತಾಕ್ಕ ತಂದು ಕಟ್ರಿ. ನಾ ಬಂದು ಬಿಡಿಸ್ಕೊಂತೀನಿ.”