ಮೋಡದೊಳಗಿನ ಸೊನ್ನೆ

“ಆಟೋ ಮೀಟರ್ ಬಿಚ್ಚೋ ಕೈಗೆ ವಿಮಾನ ಕೊಟ್ಟದ್ದು ನಂದ ತಪ್ಪು. ಒಂಬತ್ತನೇ ಕ್ಲಾಸ್ ದಾಟಲಿಕ್ಕೆ ಆಗದಾಂವಗ ನೆಲಾ ಯಾವುದು, ಆಕಾಶ ಯಾವುದು ಅನ್ನೋದು ಹೆಂಗ ತಿಳೀಬೇಕ್ರಿ?”

ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಪ್ರಹ್ಲಾದ ದೇಸಾಯಿಯವರು ಈ ಮಾತು ಹೇಳಿದ್ದು ಒಂದು ಭಾನುವಾರ, ತಮ್ಮ ಮನೆಯ ಕಾರ್ ಗ್ಯಾರೇಜಿನಲ್ಲಿ, ಚಹಾ ಕುಡಿಯುತ್ತ ನಿಂತ ಗೆಳೆಯರೆಲ್ಲರ ಎದುರಿಗೆ. ಗೆಳೆಯರು ನಕ್ಕರು. ಹೇಳಿಸಿಕೊಂಡವನು ಮೌನೇಶ ಪತ್ತಾರ, ನನ್ನನ್ನು ಮಾಡಿದವನು. ಬೆರಳು ತೋರಿಸಿದ್ದು ಮಾತ್ರ ನನ್ನ ಕಡೆಗೆ.

ನಾನು ಒಂದು ಎತ್ತರಮಾಪಕ. ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ಹೇಳುವುದು ನನ್ನ ಕೆಲಸ. ಹಾಗಂತ ನಾನು ಒಂದು ದಿನವೂ ನೆಲ ಬಿಟ್ಟವನಲ್ಲ. ದೇಸಾಯಿಯವರ ವಿಮಾನಕ್ಕೆ ರೆಕ್ಕೆಯಿಲ್ಲ, ಚಕ್ರವಿಲ್ಲ. ಪ್ಲೈವುಡ್ಡಿನ ಒಂದು ಗೂಡು, ಒಳಗೊಂದು ಕುರ್ಚಿ, ಎದುರಿಗೆ ದೊಡ್ಡ ಪರದೆ, ಕೆಳಗೆ ಕಂಪ್ಯೂಟರು, ಅಷ್ಟೆ. ಪರದೆಯ ಮೇಲೆ ಮೋಡ, ಗುಡ್ಡ, ರನ್‌ವೇ ಓಡುತ್ತವೆ. ಕುರ್ಚಿಯಲ್ಲಿ ಕುಳಿತವರಿಗೆ ತಾವೇ ಹಾರುತ್ತಿದ್ದೇವೆ ಅನಿಸುತ್ತದೆ. ಅನಿಸಬೇಕಾದರೆ ಎದುರಿನ ಹಲಗೆಯಲ್ಲಿ ನಿಜವಾಗಿ ಮುಳ್ಳು ತಿರುಗುವ ಮಾಪಕಗಳು ಬೇಕು. ಅದಕ್ಕಾಗಿ ನನ್ನನ್ನು ಹುಟ್ಟಿಸಿದರು.

ಹುಟ್ಟಿದ್ದು ಮೌನೇಶ ಕೆಲಸಕ್ಕಿದ್ದ ಇಮಾಮಸಾಬ ಉಸ್ತಾದರ ಅಂಗಡಿಯಲ್ಲಿ. ಸ್ಕೂಟರಿನ ಸ್ಪೀಡೋಮೀಟರು, ಆಟೋದ ಬಾಡಿಗೆ ಮೀಟರು ರಿಪೇರಿ ಮಾಡುವ ಅಂಗಡಿ ಅದು. ನನ್ನ ಮೈ ಒಂದು ಸತ್ತ ಸ್ಕೂಟರಿನ ಸ್ಪೀಡೋಮೀಟರಿನದು. ಸಾವಿರ ಅಡಿಗೊಂದು, ನೂರು ಅಡಿಗೊಂದು ಎಂದು ಎರಡು ಮುಳ್ಳು, ಎರಡೂ ತಂಪುಪಾನೀಯದ ಡಬ್ಬಿಯ ತಗಡಿನವು. ಅವನ್ನು ತಿರುಗಿಸುವ ಎರಡು ಪುಟ್ಟ ಮೋಟಾರು ಗುಜರಿ ಕಾರಿನ ಡ್ಯಾಶ್‌ಬೋರ್ಡಿನಿಂದ ಬಂದವು. ಆ ಮೋಟಾರಿಗೆ ಪೂರ್ತಿ ಸುತ್ತು ಬರುವುದಿಲ್ಲ, ಕಾರಿಗೆ ಅದು ಬೇಕಾಗಿಯೂ ಇಲ್ಲ. ಮೌನೇಶ ಅವನ್ನು ಬಿಚ್ಚಿ, ಒಳಗೆ ಅಡ್ಡ ನಿಂತ ಪ್ಲಾಸ್ಟಿಕ್ಕಿನ ಚೂರನ್ನು ಬ್ಲೇಡಿನಿಂದ ಕೊಯ್ದ. ಒಂದರಲ್ಲಿ ಗೇರಿನ ಹಲ್ಲು ಮುರಿಯಿತು. ಇನ್ನೊಂದು ಸುಟ್ಟುಹೋಯಿತು. ಗುಜರಿಯಿಂದ ಮತ್ತೆರಡು ತಂದ. ಮುಳ್ಳು ಭಾರವಾದರೆ ಮೋಟಾರು ಜಾರುತ್ತಿತ್ತು, ಹಗುರವಾದರೆ ಮುಳ್ಳು ನಡುಗುತ್ತಿತ್ತು. ಅಂಕಿಗಳ ಸ್ಟಿಕ್ಕರು ಅಂಟಿಸುವಾಗ ಗುಳ್ಳೆ ಎದ್ದಿತು. ಅವನು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಎರಡು ಸಲ ಗೋಡೆಗೆ ಎಸೆಯಲು ಕೈ ಎತ್ತಿದ. ಎರಡು ಸಲವೂ ಉಸ್ತಾದರು ಕೈ ಹಿಡಿದರು.

“ಏ ಹುಚ್ಚಾ, ಇಷ್ಟ್ಯಾಕ ಬಡದಾಡ್ತಿ? ಸ್ಕೂಟರ್ ಕೆಲಸಾ ಬಿದ್ದಾವು ಇಲ್ಲೆ.”

“ಡಾಕ್ಟರ್ ಮಾತು ಕೊಟ್ಟಾರ ಉಸ್ತಾದ. ಇದನ್ನ ಕೂಡಿಸಿದ ದಿನಾ ಮೊದಲ ಹಾರಿಸಾಂವ ನಾನ ಅಂತ.”

ಎಲ್ಲ ಬಡಿದಾಟವೂ ಆ ಒಂದು ಮಾತಿಗೆ. ಅವನ ಮನೆ ಗೋಕುಲ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಗೋಡೆಯಿಂದ ಕೂಗಳತೆಯಲ್ಲಿ. ಅವನು ಕಂಡದ್ದೆಲ್ಲ ವಿಮಾನಗಳ ಹೊಟ್ಟೆ. ಮೂಗಿನ ಹಿಂದೆ ಕುಳಿತವನಿಗೆ ಏನು ಕಾಣುತ್ತದೆ ಎಂದು ಒಂದು ಸಲ ನೋಡಬೇಕಿತ್ತು. ಸುಳ್ಳು ವಿಮಾನವಾದರೂ ಸರಿ.

ಕೂಡಿಸುವ ದಿನ ಬಂತು. ಪರದೆಯ ಮೇಲೆ ವಿಮಾನ ಹುಬ್ಬಳ್ಳಿಯ ರನ್‌ವೇಯಲ್ಲಿ ನಿಂತಿತ್ತು. ಮೌನೇಶ ತಂತಿ ಜೋಡಿಸಿದ. ನನ್ನ ಮುಳ್ಳುಗಳು ತಟ್ಟನೆ ಎದ್ದು ಎರಡು ಸಾವಿರ ಅಡಿ ದಾಟಿ ನಿಂತವು. ಅವನ ಮುಖ ಕಪ್ಪಿಟ್ಟಿತು. ಅವನ ಕಸುಬಿನಲ್ಲಿ ಒಂದು ಮಾತಿದೆ, ಅಂಗಡಿಗೆ ಬಂದ ಮೊದಲ ದಿನವೇ ಉಸ್ತಾದರು ಕಲಿಸಿದ್ದು: ಗಾಡಿ ನಿಂತಿದ್ದಾಗ ಮುಳ್ಳು ಸೊನ್ನೆಯ ಮೇಲಿರಬೇಕು. ಇಲ್ಲದಿದ್ದರೆ ಮುಳ್ಳು ಕಿತ್ತು ಸೊನ್ನೆಗೆ ಒತ್ತಬೇಕು. ಎಷ್ಟೋ ಸ್ಕೂಟರುಗಳಿಗೆ ಹಾಗೆ ಮಾಡಿದ ಕೈ ಅದು. ಎರಡೂ ಮುಳ್ಳುಗಳನ್ನು ಉಗುರಿನಿಂದ ಎತ್ತಿ, ಸೊನ್ನೆಗೆ ಇಟ್ಟು, ಹೆಬ್ಬೆರಳಿನಿಂದ ಒತ್ತಿದ. ನಾನು ಹೇಳುತ್ತಿದ್ದುದು ಸರಿಯಾಗಿತ್ತು. ಬಾಯಿಲ್ಲದವನು, ಏನು ಮಾಡಲಿ?

ದೇಸಾಯಿಯವರು ಬಗ್ಗಿ ನೋಡಿದರು. “ಶಾಭಾಸ್! ಈಗ ಸರಿ ಆತು ನೋಡು. ವಿಮಾನ ನೆಲದ ಮ್ಯಾಲೆ, ಮುಳ್ಳು ಸೊನ್ನಿ ಮ್ಯಾಲೆ.” ಹೇಳಿದವರೇ ಕುರ್ಚಿಯಲ್ಲಿ ಕುಳಿತುಬಿಟ್ಟರು. “ಮೊದಲ ನಾ ಒಂದು ಚೆಕ್ ಮಾಡ್ತೀನಿ.”

ಚೆಕ್ ಮುಗಿಯಲೇ ಇಲ್ಲ. ಹುಬ್ಬಳ್ಳಿಯಲ್ಲಿ ಏರುವುದು, ಉಣಕಲ್ ಕೆರೆಯ ಮೇಲೆ ಒಂದು ಸುತ್ತು, ಮತ್ತೆ ಹುಬ್ಬಳ್ಳಿಯಲ್ಲೇ ಇಳಿಯುವುದು. ಇಳಿದಾಗ ಸೊನ್ನೆ, ಡಾಕ್ಟರಿಗೆ ಸಂತೋಷ. ಮೌನೇಶ ವಾರವಾರ ಬಂದು ಹಲಗೆಯ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ತಂತಿ ಬಿಗಿ ಮಾಡುತ್ತಿದ್ದ. ಅವನ ಬೆರಳು ಸದಾ ನನ್ನ ಬೆನ್ನಿಗೆ. ನನ್ನ ಮುಖದ ಎದುರಿಗೆ ಬೇರೆಯವರ ಮುಖ. “ನನ್ನ ಪಾಳಿ ಯಾವಾಗ್ರಿ ಸಾಹೇಬ್ರ?” ಎಂದರೆ, “ಮುಂದಿನ ವಾರ ಬಾರೋ, ಅವಸರೇನದ?” ಅನ್ನುತ್ತಿದ್ದರು.

ಆ ಭಾನುವಾರ ಕಿತ್ತೂರ ವಕೀಲರು ಕುರ್ಚಿ ಹತ್ತಿದರು. ಮಂಗಳೂರಿಗೆ ಹೋಗುತ್ತೇನೆ ಎಂದರು. ಪರದೆಯಲ್ಲಿ ಮಂಗಳೂರಿನ ಮೇಲೆ ಮೋಡ ಮುಚ್ಚಿತ್ತು. ವಕೀಲರು ನನ್ನನ್ನೇ ನಂಬಿ ಇಳಿಯತೊಡಗಿದರು. ಸಾವಿರ, ಐನೂರು, ನೂರು, ಸೊನ್ನೆ.

“ಮುಳ್ಳು ಸೊನ್ನೆಗೆ ಬಂತಲ್ರೀ ಡಾಕ್ಟರ್ರ, ನೆಲಾ ಎಲ್ಲೈತಿ? ಸುತ್ತಲೂ ಬರೇ ಮೋಡ ಅದಾವು!”

ನಾನು ಸೊನ್ನೆಯನ್ನೂ ದಾಟಿ ಹಿಂದಕ್ಕೆ ತಿರುಗುತ್ತಲೇ ಇದ್ದೆ. ಮೋಡ ಹರಿದಾಗ ರನ್‌ವೇ ಹಿಂದೆ ಬಿದ್ದಿತ್ತು. ಎದುರಿಗೆ ಅರಬ್ಬಿ ಸಮುದ್ರ. ಗಾಬರಿಯಲ್ಲಿ ವಕೀಲರು ವಿಮಾನವನ್ನು ನೀರಿಗೆ ಹಾಕಿದರು. ದೇಸಾಯಿಯವರ ನಾಲಿಗೆಯಿಂದ ಆ ಆಟೋ ಮೀಟರಿನ ಮಾತು ಬಂದದ್ದು ಆಗ.

“ಸಾಹೇಬ್ರ, ಅವತ್ತ ನೀವ ಸರಿ ಐತಿ ಅಂದಿದ್ರಿ,” ಎಂದ ಮೌನೇಶ.

“ನಾ ಹಲ್ಲಿನ ಡಾಕ್ಟರು. ಮೀಟರ್ ಮಾಡಾಂವ ನಾನೋ ನೀನೋ?”

ಮತ್ತೆ ನಗು. ಮೌನೇಶ ನನ್ನನ್ನು ಹಲಗೆಯಿಂದ ಕಿತ್ತು, ತಂತಿ ಜೋತಾಡುತ್ತಿದ್ದಂತೆಯೇ ಅಂಗಿಯ ಜೇಬಿಗೆ ತುರುಕಿಕೊಂಡ. ಅವನ ಎದೆ ಹೊಡೆದುಕೊಳ್ಳುವುದು ನನ್ನ ಗಾಜಿಗೆ ತಾಗುತ್ತಿತ್ತು.

ಮುಂದೆ ನಾನು ಉಸ್ತಾದರ ಕಪಾಟಿನಲ್ಲಿ, ಸತ್ತ ಸ್ಪೀಡೋಮೀಟರುಗಳ ನಡುವೆ ಬಿದ್ದೆ. ದೇಸಾಯಿಯವರು ವಿದೇಶದಿಂದ ಸಿದ್ಧ ಮಾಪಕ ತರಿಸಿದರು. ಮೌನೇಶ ಮೊಬೈಲಿನಲ್ಲಿ ಅರ್ಧ ತಿಳಿಯುವ ಇಂಗ್ಲಿಷ್ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ. ನನ್ನಂಥವರು ಎತ್ತರ ಹೇಳುವುದು ಕಾಲ ಕೆಳಗಿನ ನೆಲದಿಂದ ಅಲ್ಲ, ಸಮುದ್ರದ ಮಟ್ಟದಿಂದ ಎಂದು ಅವನಿಗೆ ಗೊತ್ತಾದದ್ದು ಹೀಗೆ. ಹುಬ್ಬಳ್ಳಿ ಸಮುದ್ರಕ್ಕಿಂತ ಎರಡು ಸಾವಿರ ಅಡಿ ಮೇಲಿದೆ, ಮಂಗಳೂರು ಬಹಳ ಕೆಳಗಿದೆ; ಹುಬ್ಬಳ್ಳಿಯ ನೆಲಕ್ಕೆ ಒತ್ತಿದ ಸೊನ್ನೆ ಮಂಗಳೂರಿನಲ್ಲಿ ಮೋಡದೊಳಗೇ ಉಳಿದಿತ್ತು. ಅವನಿಗೆ ಸಮಾಧಾನವಾಗಲಿಲ್ಲ, ಸಿಟ್ಟು ಇಮ್ಮಡಿಯಾಯಿತು.

“ಇಲ್ಲೆ ಸಮುದ್ರ ಎಲ್ಲೈತಿ ಉಸ್ತಾದ? ಕಾಲು ಹುಬ್ಬಳ್ಳಿ ನೆಲದ ಮ್ಯಾಲೆ, ಲೆಕ್ಕ ಕಾಣಲಾರದ ನೀರಿಂದು! ಯಾವ ನ್ಯಾಯ ಇದು?”

ಉಸ್ತಾದರು ನನ್ನನ್ನು ಕಪಾಟಿನಿಂದ ತೆಗೆದು ಒರೆಸಿದರು. “ಸೊನ್ನೆಗೆ ಒತ್ತಬೇಕು ಅಂತ ಕಲಿಸಿದಾಂವ ನಾನು, ಬೇಟಾ. ನಾನೂ ಸಮುದ್ರ ನೋಡಿಲ್ಲ. ಆದರ ಇದರದೇನು ತಪ್ಪು? ಅದರ ಮುಳ್ಳು ಅದಕ್ಕ ಕೊಡು.”

ಮೌನೇಶ ಹಲ್ಲು ಕಚ್ಚಿಕೊಂಡು ನನ್ನ ಮುಳ್ಳುಗಳನ್ನು ಮತ್ತೆ ಕಿತ್ತ, ಸಮುದ್ರದ ಲೆಕ್ಕಕ್ಕೆ ಮತ್ತೆ ಕೂಡಿಸಿದ.

ಇದೆಲ್ಲ ಹಳೆಯ ಮಾತು. ಈಗ ನಾನು ಅದೇ ಗ್ಯಾರೇಜಿನಲ್ಲಿ, ಅದೇ ಹಲಗೆಯಲ್ಲಿ ಇದ್ದೇನೆ. ಡಾಕ್ಟರ ಹುಚ್ಚು ಸೈಕಲ್ಲಿನ ಕಡೆ ತಿರುಗಿ, ಗೂಡಿನ ಮೇಲೆ ಹಳೆ ಚಾದರ ಹೊದಿಸಿದ್ದಾರೆ. ಜಿರಲೆಗಳು ನನ್ನ ಬೆನ್ನಿನ ತಂತಿ ಕಡಿಯುತ್ತವೆ. ನನ್ನ ಎದುರು ಎಷ್ಟೋ ಮುಖಗಳು ಕುಳಿತು ಎದ್ದವು, ಒಂದೂ ನೆನಪಿಲ್ಲ. ಕುಳಿತುಕೊಳ್ಳದ ಒಂದೇ ಮುಖ ನೆನಪಿದೆ.

ನಾನು ಈ ಹಲಗೆಗೆ ಮರಳಿದ ದಿನ ಅದು: ವಿದೇಶದ ಮಾಪಕ ಕೆಟ್ಟು, ಡಾಕ್ಟರು ಹೇಳಿಕಳಿಸಿದ್ದರು. ಬರುವುದಿಲ್ಲ ಅನ್ನುತ್ತಲೇ ಮೌನೇಶ ನನ್ನನ್ನು ತಂದು ಕೂಡಿಸಿದ. ಅದೇ ಗೆಳೆಯರು, ಅದೇ ಚಹಾ. ವಿಮಾನ ಹುಬ್ಬಳ್ಳಿಯಲ್ಲಿ ನಿಂತೇ ಇತ್ತು, ನಾನು ಎರಡು ಸಾವಿರದ ಮೇಲೆ. ಅವನು ಮುಟ್ಟಲಿಲ್ಲ, ಯಾರಿಗೂ ಏನೂ ವಿವರಿಸಲೂ ಇಲ್ಲ. ವಕೀಲರು ಮೋಡದೊಳಗಿಂದ ಮಂಗಳೂರಿನ ರನ್‌ವೇ ಮೇಲೆ ಹೂವಿನ ಹಾಗೆ ಇಳಿದರು. ಚಪ್ಪಾಳೆ ಬಿತ್ತು. ಚಪ್ಪಾಳೆ ವಕೀಲರಿಗೆ.

ದೇಸಾಯಿಯವರು ಖುಷಿಯಲ್ಲಿ ಕುರ್ಚಿಯ ಬೆನ್ನು ತಟ್ಟಿದರು. “ಬಾರೋ ಮೌನ್ಯಾ, ಕೂಡು. ಇವತ್ತ ನಿನ್ನ ಪಾಳಿ. ನೋಡ್ರಿ ಎಲ್ಲಾರೂ, ನಮ್ಮ ಆಟೋ ಮೀಟರ್ ಪೈಲಟ್ ಹಾರಸ್ತಾನ! ಏ, ಹಿಂಗ್ಯಾಕ ನೋಡ್ತೀ? ಅವತ್ತಿನ ಮಾತು ಇನ್ನೂ ಮನಸಿನ್ಯಾಗ ಇಟಗೊಂಡೀಯೇನು?”

ಮೌನೇಶ ಕುರ್ಚಿಯ ಪಕ್ಕಕ್ಕೆ ಬಂದ. ಕೂರಲಿಲ್ಲ. ಬಗ್ಗಿ, ಅಂಗಿಯ ತುದಿಯಿಂದ ನನ್ನ ಗಾಜಿನ ಮೇಲಿನ ಬೆರಳಚ್ಚು ಒರೆಸಿದ. ಮುಳ್ಳು ಸೊನ್ನೆಗೆ ಒತ್ತಿದ ದಿನ ಬಿಟ್ಟರೆ, ಈ ಹಲಗೆಯಲ್ಲಿ ಅವನ ಮುಖ ನನಗೆ ಎದುರಾದದ್ದು ಅದೊಂದೇ ಸಲ. ಆಮೇಲೆ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು, ಬಾಗಿಲ ಬಳಿ ಚಪ್ಪಲಿ ಮೆಟ್ಟಿ, ಬಿಸಿಲಿಗೆ ಇಳಿದು ನಡೆದುಬಿಟ್ಟ.

“ಲೇ, ನಿನ್ನ ಕೇಳಲಿಕ್ಕತ್ತೀನಿ!” ಎಂದು ಡಾಕ್ಟರು ಕೂಗುತ್ತಲೇ ಇದ್ದರು. ಕುರ್ಚಿ ಖಾಲಿ ಇತ್ತು.