ಪ್ರೇಯರ್ ಸಾಲಿನ ಮುಂದೆ

ಇದು 2008ರ ಮಾತು. ಹೊಳೆನರಸೀಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ತಿರುನಾರಾಯಣ ಮೇಷ್ಟ್ರು ಅಂದರೆ ಹುಡುಗರಿಗೆ ನಡುಕ. ಕೋಪ ಮೂಗಿನ ತುದಿಯಲ್ಲೇ, ಆದರೆ ಮನಸ್ಸು ಒಳ್ಳೆಯದು. ಹತ್ತನೇ ಕ್ಲಾಸಿನ ಮೇಘಶ್ರೀಯ ಮುಖವನ್ನು ಯಾವುದೋ ಪೋಲಿ ಚಿತ್ರಕ್ಕೆ ಅಂಟಿಸಿ, ಹುಡುಗರು ಮೊಬೈಲಿನಿಂದ ಮೊಬೈಲಿಗೆ ಬ್ಲೂಟೂತ್‌ನಲ್ಲಿ ಹಂಚುತ್ತಿದ್ದಾರೆಂದು ತಿಳಿದಾಗ ಅವರ ರಕ್ತ ಕುದಿಯಿತು. ಒಬ್ಬನ ಫೋನು ಕಿತ್ತುಕೊಂಡು ಚಿತ್ರ ಅಳಿಸಿಹಾಕಿದರು. ಆ ಸ್ಕೂಲಿನಲ್ಲಿ ಕಳ್ಳತನವಾಗಲಿ, ಜಗಳವಾಗಲಿ, ತೀರ್ಮಾನ ಆಗುತ್ತಿದ್ದದ್ದು ಪ್ರೇಯರ್ ಸಾಲಿನ ಮುಂದೆ. ಮರುದಿನ ಮೇಘಶ್ರೀಯನ್ನೂ ಅಲ್ಲಿಗೇ ಕರೆದರು.

“ಹೆದರಬೇಡಮ್ಮ. ಯಾರು ಮಾಡಿದ್ದು, ಕೈ ತೋರಿಸು.”

ಹುಡುಗಿ ತಲೆ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಂದಿನಿಂದ ಅವಳು ಸ್ಕೂಲಿಗೆ ಬರಲಿಲ್ಲ.

“ಅಳಿಸಿ ಆಯ್ತಲ್ಲ. ನಾಲ್ಕು ದಿನ ಬಿಟ್ಟು ತಾನೇ ಬರ್ತಾಳೆ ಬಿಡಿ” ಎಂದರು ಮೇಷ್ಟ್ರು, ಸ್ಟಾಫ್ ರೂಮಿನಲ್ಲಿ.

ವಿಜ್ಞಾನದ ಹಂಸ ಮೇಡಂ ಸುಮ್ಮನಿರಲಿಲ್ಲ. “ನೀವು ಅಳಿಸಿದ್ದು ಒಂದು ಫೋನಲ್ಲಿ ಸಾರ್. ಮಿಕ್ಕವರ ಹತ್ರ ಹಾಗೇ ಇದೆ. ನಿಮ್ಮ ಕೈಗೆ ಸಿಕ್ಕಿದ್ದ ಸಾಕ್ಷಿ ಮಾತ್ರ ಹೋಯ್ತು. ಅಲ್ಲೀವರೆಗೂ ನೋಡದೇ ಇದ್ದ ಮಕ್ಕಳೂ ಪ್ರೇಯರ್ ಆದ್ಮೇಲೆ ಕೇಳಿ ಇಸ್ಕೊಂಡ್ರು.”

ಮೇಷ್ಟ್ರಿಗೆ ಆಗ ಅರ್ಥವಾಯಿತು. ಒಳ್ಳೆಯದು ಮಾಡಲು ಹೋಗಿ ಮಗುವಿನ ಮಾನವನ್ನು ತಾವೇ ಇನ್ನೊಮ್ಮೆ ಕಳೆದಿದ್ದರು. “ಅವಳ ಮನೆಗೆ ಹೋಗೋಣ ಮೇಡಂ” ಎಂದರು.

ಆ ವಾರವೇ ಇಬ್ಬರೂ ಮೇಘಶ್ರೀಯ ಮನೆಗೆ ಹೋದರು. ಅಪ್ಪ ದೇವರಾಜು ಜಗಲಿಯಿಂದ ಏಳಲಿಲ್ಲ.

“ಓದಿದ್ದು ಸಾಕು ಸಾ. ಗಂಡು ನೋಡ್ತಾ ಇವ್ನಿ. ಮಾನ ಕಳ್ಕಂಡ್ಮೇಲೆ ಪರೀಕ್ಷೆ ಕಟ್ಕಂಡು ಏನಾಗ್ಬೇಕು?”

ತಾಯಿ ಚಿಕ್ಕಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಸರಿಯಾಗಿ ಅನ್ನ ಮುಟ್ಟಲ್ಲ ಕಣಮ್ಮಾ, ಕ್ವಾಣೆ ಬಿಟ್ಟು ಬರಲ್ಲ. ಬಾವಿ ಕಡೆ ಎಲ್ಲಿ ಓಗ್ಬುಡ್ತಾಳೋ ಅಂತ ನಂಗೆ ಕಣ್ಣು ಮುಚ್ಚಕ್ಕೂ ಭಯ.”

“ತಪ್ಪು ನಿಮ್ಮ ಮಗಳದಲ್ಲ ದೇವರಾಜು. ಚಿತ್ರ ಮಾಡಿದವರದು. ಎಲ್ಲರ ಮುಂದೆ ನಿಲ್ಲಿಸಿದ್ದು ನನ್ನದು” ಎಂದರು ಮೇಷ್ಟ್ರು.

ಹಂಸ ಮೇಡಂ ಹೇಳಿದರು: “ಇನ್ನೊಬ್ಬ ಹುಡುಗನ ಫೋನಲ್ಲಿ ಚಿತ್ರ ಸಿಕ್ಕಿದೆ. ಅಳಿಸಿಲ್ಲ, ಯಾರಿಗೂ ಕಳಿಸಿಲ್ಲ. ಅವನ ತಂದೆ ಎದುರಿಗೇ ಆ ಫೋನನ್ನ ಸ್ಕೂಲಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀವಿ. ನೀವು ಒಪ್ಪಿದ್ರೆ ಪೊಲೀಸ್ ಸ್ಟೇಷನ್ನಿಗೆ ನಾನೂ ಜೊತೆಗೆ ಬರ್ತೀನಿ.”

ಕೋಣೆಯೊಳಗಿನಿಂದ ಸಣ್ಣ ದನಿ ಬಂತು. “ಸಾ, ನನ್ನ ಮತ್ತೆ ಮುಂದೆ ನಿಲ್ಲುಸ್ತೀರಾ?”

ಮೇಷ್ಟ್ರು ಆ ಮುಚ್ಚಿದ ಬಾಗಿಲಿಗೇ ಕೈಮುಗಿದರು. “ಇಲ್ಲ ತಾಯಿ. ಇನ್ನು ನಿನ್ನ ಕೇಳದೆ ಏನೂ ಮಾಡಲ್ಲ.”

ಮೇಷ್ಟ್ರು ಕೈಮುಗಿದಿದ್ದನ್ನು ದೇವರಾಜು ಜಗಲಿಯಿಂದಲೇ ನೋಡಿದ. ಆಮೇಲೆ ಎದ್ದು ಬಾಗಿಲ ಬಳಿ ಹೋದ. “ಎದ್ದೇಳವ್ವಾ. ಗಂಡುಗಿಂಡು ಈಗ ಬ್ಯಾಡ. ಪರೀಕ್ಷೆ ಬರಿ. ಸ್ಟೇಷನ್ನಿಗೆ ನಾನೂ ಬತ್ತೀನಿ.”

ಮೇಘಶ್ರೀ ಒಪ್ಪಿದ ಮೇಲೆ ದೂರು ಕೊಟ್ಟರು; ಅವಳು ಪರೀಕ್ಷೆಯನ್ನೂ ಬರೆದಳು. ಆದರೆ ಮೊದಲಿನ ನಗು ಮರಳಲಿಲ್ಲ. ಯಾರಾದರೂ ಮೊಬೈಲು ಹಿಡಿದು ನಕ್ಕರೆ ಇವತ್ತಿಗೂ ಅವಳು ಅಲ್ಲಿಂದ ಎದ್ದು ಹೋಗುತ್ತಾಳೆ.

ಮೇಷ್ಟ್ರುಗಳೇ, ಟೀಚರಮ್ಮಂದಿರೇ, ನಿಮ್ಮ ಕ್ಲಾಸಿನಲ್ಲೂ ಒಂದು ಮಗು ಹೀಗೆ ತಲೆ ತಗ್ಗಿಸಿ ಕೂತಿರಬಹುದು. ಪಕ್ಕಕ್ಕೆ ಕರೆದು ಕೇಳಿ, ಹೇಳಿದ್ದನ್ನು ನಂಬಿ. ಸಾಕ್ಷಿ ಅಳಿಸಬೇಡಿ, ಇನ್ನೊಬ್ಬರಿಗೆ ತೋರಿಸಲೂಬೇಡಿ. ಹೆತ್ತವರಿಗೆ ಧೈರ್ಯ ಹೇಳಿ, ದೂರು ಕೊಡುವಾಗ ಜೊತೆಗಿರಿ. ತಿರುನಾರಾಯಣ ಮೇಷ್ಟ್ರು ಹೋಗುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ನೀವು ಅದಕ್ಕೂ ಮೊದಲೇ ಹೋಗಿ.